ಗದಿಗೆವ್ವನ ಒಂಟಿ ಸೀನು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಮನುಷ್ಯರು ಸೀನುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದರೂ ಮೊದಲೇ ಹೇಳಿಡುವುದು ಕ್ಷೇಮ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು. ಇನ್ನೊಂದು ಸಂಗತಿ: ಒಂಟಿ ಸೀನು ಅಪಶಕುನ. ಒಂದೇ ಸೀನು ಬಂದರೆ ಹಿಡಿದ ಕೆಲಸ ಬಿಟ್ಟು, ಕುಳಿತು, ನೀರು ಕುಡಿದು, ಮೊದಲಿನಿಂದ ಶುರುಮಾಡಬೇಕು. ಎರಡು ಬಂದರೆ ಚಿಂತೆಯಿಲ್ಲ.

ಪ್ರಭುಲಿಂಗಪ್ಪ ಸಾವಕಾರರ ಗೋದಾಮಿನಲ್ಲಿ ಹದಿನೆಂಟು ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹೋದ ವರ್ಷ ತೊಟ್ಟು ಬಿಡಿಸುವ ಯಂತ್ರ ಬಂತು. ಆದ್ದರಿಂದ, ಹದಿನಾಲ್ಕು ವರ್ಷ ದುಡಿದ ಗದಿಗೆವ್ವನನ್ನು ಮೊದಲು ತೆಗೆಯುವುದೆಂದು ನಿರ್ಧಾರವಾಯಿತು. ಆಕೆಗೆ ಬೇರೆ ಗಳಿಕೆ ಇರಲಿಲ್ಲ. ನಿರ್ಧಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾಹಿತಿಗಾಗಿ ಹೇಳಿದೆ.

ರಾಣೆಬೆನ್ನೂರಿನ ವಕೀಲ ಋಷಿಕೇಶರು ಕಾನೂನು ತಿಳಿಸಿದರು. "ಸುಮ್ನ ತೆಗದ್ರ ನೋಟಿಸು, ಪರಿಹಾರ ಎಲ್ಲಾ ಕೊಡಬೇಕಾಗ್ತದರೀ. ತಪ್ಪು ಮಾಡ್ಯಾಳಂತ ವಿಚಾರಣಿ ನಡಿಸಿ ತೆಗದ್ರ ಏನೂ ಇಲ್ಲ."

"ಆಕಿ ತಪ್ಪ ಮಾಡೂದಿಲ್ಲಲ್ರೀ!" ಸಾವಕಾರರು ನೊಂದುಕೊಂಡರು.

"ಸೀನ್ತಾಳಲ್ರೀ?"

ಮರುದಿನ ಗೋಡೆಯ ಮೇಲೆ ನಿಯಮ ಬಂತು: 'ಕೆಲಸದ ವೇಳೆಯಲ್ಲಿ ಒಂಟಿಯಾಗಿ ಸೀನುವುದು ಗಂಭೀರ ದುರ್ನಡತೆ. ಜೋಡಿ ಸೀನಿಗೆ ವಿನಾಯಿತಿ.' ಹತ್ತು ನಿಮಿಷದಲ್ಲಿ ಗದಿಗೆವ್ವ ಸೀನಿದಳು, ಒಂದೇ ಸಲ. ಅಮಾನತಾಯಿತು. ಅಮಾನತು ಎಂದರೆ ತೆಗೆದುಹಾಕಿದ್ದಲ್ಲ. ವಿಚಾರಣೆ ಮುಗಿಯುವ ತನಕ ಅರ್ಧ ಪಗಾರ ಕೊಟ್ಟು ಸುಮ್ಮನೆ ಕೂರಿಸುವುದು.

ವಿಚಾರಣೆ ಘಟನಾ ಸ್ಥಳದಲ್ಲಿ, ಅಂದರೆ ಗೋದಾಮಿನಲ್ಲಿಯೇ ಏರ್ಪಟ್ಟಿತು. ಆರೋಪ ಓದಲು ಬಾಯಿ ತೆರೆದ ಋಷಿಕೇಶರು ಸೀನಿದರು. ಒಂಟಿ. ಎಲ್ಲರೂ ಕುಳಿತು ನೀರು ಕುಡಿದರು. ಮತ್ತೆ ಓದತೊಡಗಿದಾಗ ಸಾಕ್ಷಿ ನಬಿಸಾಬ ಸೀನಿದ. ಮತ್ತೆ ನೀರು. ಆರು ವಾರಗಳಲ್ಲಿ ವಿಚಾರಣೆ ಆರೋಪ ಪತ್ರದ 'ಈ ಮೂಲಕ' ಎಂಬಲ್ಲಿಯವರೆಗೆ ಸಾಗಿತ್ತು.

"ಸಾವಕಾರ್ರ, ಅರ್ಧಾ ಪಗಾರದಾಗ ಒಲಿ ಅರ್ಧಾನ ಉರೀತೈತ್ರಿ," ಎಂದಳು ಗದಿಗೆವ್ವ. "ನನ್ನ ಬುಟ್ಟಿ ನನಗ ಕೊಡ್ರಿ. ತೊಟ್ಟು ಬಿಡಿಸ್ಕೋತ ನಿಮ್ಮ ವಿಚಾರಣಿ ಕೇಳ್ತೇನಿ."

ಸಾವಕಾರರು ಕರಗಿ ಬುಟ್ಟಿ ಕೊಟ್ಟರು. ಪೂರ್ತಿ ಪಗಾರ ಕೊಡಲಿಲ್ಲ, ಅಮಾನತಾದವರಿಗೆ ಅದು ನಿಯಮಬಾಹಿರ. ಸಂಜೆ ಆಕೆ ಎಂದಿನಷ್ಟೇ ಕಾಯಿ ಬಿಡಿಸಿದ್ದಳು. ಸಾವಕಾರರು ರಾಶಿ ನೋಡಿದರು, ಯಂತ್ರ ನೋಡಿದರು, ಗದಿಗೆವ್ವನನ್ನು ನೋಡಿದರು. ಯಂತ್ರಕ್ಕೆ ಕರೆಂಟು ಬೇಕು.

"ವಕೀಲ್ರ, ಇದು ಲಗೂ ಮುಗಿಯೂದಿಲ್ಲಲ್ರೀ?"

"ಇಲ್ರೀ. ಮೂರು ತಿಂಗಳಾದ್ರ ಅರ್ಧಾ ಪಗಾರ ಏರಸಬೇಕು. ಆದ್ರ ತಡಾ ಆಕೀ ಕಡಿಂದ ಆದ್ರ, ಏರಸೂದು ಬ್ಯಾಡ."

ಗದಿಗೆವ್ವ ಬುಟ್ಟಿ ಕೊಡವಿದಳು. ಋಷಿಕೇಶರು ಸೀನಿದರು. "ಬರಕೊಳ್ರಿ," ಎಂದರು, "ಆಕೀ ಬುಟ್ಟಿಯಿಂದ."

ಮರುವಾರ ಹಸೀನಾಬಿ ಉಳಿದ ಹದಿನೇಳು ಜನರ ಪರವಾಗಿ ಬಂದಳು. "ಸಾವಕಾರ್ರ, ವಿಚಾರಣಿ ಮುಗಿಯೂತನಕ ಗದಿಗೆವ್ವನ್ನ ತೆಗಿಯಾಕ ಬರಂಗಿಲ್ಲಂತ. ನಮ್ಮನ್ನ ನಾಳಿಗೇ ತೆಗೀತೀರಿ. ನಮಗೂ ಒಂದೊಂದು ಅಮಾನತು ಕೊಡ್ರಿ."

"ನೀ ಎಲ್ಲಿ ಸೀನೀದಿ?"

"ಸೀನ್ತೇನ್ರಿ. ಒಂದ್ ಚಣಾ ತಡೀರಿ."

ಆ ಶನಿವಾರ ಹದಿನೇಳೂ ಜನ ಅಮಾನತಾದರು. ಸಾವಕಾರರು ಮಂಡಕ್ಕಿ, ಮಿರ್ಚಿ ಹಂಚಿದರು. ಯಂತ್ರಕ್ಕೆ ತಾಡಪತ್ರಿ ಹೊದಿಸಲಾಯಿತು. ಹಾವೇರಿಯಿಂದ ತಪಾಸಣೆಗೆ ಬಂದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ರಿಜಿಸ್ಟರು ನೋಡಿ, 'ಕಾರ್ಮಿಕರಲ್ಲಿ ಒಬ್ಬರನ್ನೂ ತೆಗೆದಿಲ್ಲ, ಮಾದರಿ ಸಂಸ್ಥೆ' ಎಂದು ಷರಾ ಬರೆಯುವಷ್ಟರಲ್ಲಿ ಸೀನಿದರು. ನೀರು ಕುಡಿದು ಮತ್ತೊಮ್ಮೆ ಬರೆದರು.

ನಿನ್ನೆ ಗದಿಗೆವ್ವನ ಮಗಳು ಶ್ರೀದೇವಿ ಕೆಲಸಕ್ಕೆ ಸೇರಿದಳು. ನೇಮಕಾತಿ ಪತ್ರದ ಜೊತೆಗೇ ಅಮಾನತಿನ ಆದೇಶವನ್ನೂ ಕೊಟ್ಟರು. ಈಗ ಹಾಗೆಯೇ ಪದ್ಧತಿ.

"ಯವ್ವಾ, ನಾ ಇನ್ನೂ ಸೀನೇ ಇಲ್ಲಲ್ಲ?"

ಗದಿಗೆವ್ವ ಮಗಳ ಮುಂದೆ ಬುಟ್ಟಿ ಸರಿಸಿದಳು. "ಮೊದಲ ಸಹಿ ಮಾಡು. ಸೀನು ತಾನ ಬರ್ತೈತಿ. ಪೂರ್ತಿ ಪಗಾರದವರ ಕೆಲಸಕ್ಕ ಇಲ್ಲಿ ಭರೋಸಾ ಇಲ್ಲ."