ಕೆಂಪು-ನೀಲಿ ಕನ್ನಡಕದಲ್ಲಿ ನಮ್ಮ ಹೋಟೆಲು

ಯಾವುದೇ ವಸ್ತುವಿನ ಬೆಲೆ ಕೇಳುವ ಮೊದಲು ಅದನ್ನು ತಿರುಗಿಸಿ ಮುರುಗಿಸಿ ನೋಡಬೇಕು. ನೋಡಿದ ಮೇಲೆ ‘ಅಷ್ಟೇನಿಲ್ಲ’ ಎನ್ನುವ ಮುಖ ಮಾಡಬೇಕು. ಆಮೇಲೆ ಅಂಗಡಿಯಿಂದ ಹೊರಟಂತೆ ಮಾಡಬೇಕು. ಮುಂಬಯಿಯಲ್ಲಿ ಬದುಕುವುದಕ್ಕೆ ಇಷ್ಟು ಗೊತ್ತಿದ್ದರೆ ಸಾಕು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದವನು ನಾನು. ತಟ್ಟೆ ಎತ್ತುವ ಕೆಲಸದಿಂದ ಶುರುಮಾಡಿ ಪಾರ್ಲೆ ಸ್ಟೇಷನ್ನಿನ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಬಂದು ಕೂತದ್ದು ಈ ವಿದ್ಯೆಯಿಂದಲೇ. ತೆಂಗಿನಕಾಯಿಯವನು, ಮಗಳ ಮದುವೆಗೆ ಹಾಲ್ ಬಾಡಿಗೆ ಕೊಟ್ಟವನು, ಕೊನೆಗೆ ಹಲ್ಲು ಕೀಳುವ ಡಾಕ್ಟರು, ಯಾರನ್ನೂ ಅವರು ಹೇಳಿದ ದರಕ್ಕೆ ಬಿಟ್ಟವನಲ್ಲ. ಇಂಥವನು ಮೊನ್ನೆ ತನಗೆ ಕಾಣಿಸದೇ ಇದ್ದ ಸರಕೊಂದಕ್ಕೆ ಚೌಕಾಸಿ ಮಾಡಿದ. ಕಾಣಿಸುತ್ತಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ವಿಷಯ ಇಷ್ಟೆ. ನಮ್ಮ ಹೋಟೆಲಿನ ನಡುವೆ ಒಂದು ಗೋಡೆ. ಮುಂದೆ ಚಹಾ ಕುಡಿದು ಓಡುವವರು, ಹಿಂದೆ ಫ್ಯಾಮಿಲಿ ರೂಮು. ಹಿಂದಿನ ಆ ಕೋಣೆಗೆ ಹಗಲಲ್ಲೂ ಲೈಟು ಬೇಕು. ಎದುರಿಗೆ ಗಾಜಿನ ಕೆಫೆಯೊಂದು ಬಂದ ಮೇಲೆ ಕಾಲೇಜಿನ ಮಕ್ಕಳೆಲ್ಲ ಆ ಕಡೆ ತಿರುಗಿದರು. ಗೋಡೆ ತೆಗೆಯದಿದ್ದರೆ ಹೋಟೆಲು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಆದರೆ ಅರ್ಧ ಪಾಲು ತೀರಿಹೋದ ಅಣ್ಣನದ್ದು, ಎಂದರೆ ಮುಲುಂಡಿನಲ್ಲಿರುವ ಅತ್ತಿಗೆಯದ್ದು. ಗೋಡೆ ಕಟ್ಟಿಸಿದವನು ಅಣ್ಣ. ಅತ್ತಿಗೆ ಹೂಂ ಅನ್ನದೆ ಸುತ್ತಿಗೆ ಎತ್ತುವಂತಿಲ್ಲ. ನಕ್ಷೆ ಒಯ್ದು ತೋರಿಸಿದೆ. “ಇದೆಂತ ಮಾರಾಯ ಸದಾ, ರಂಗೋಲಿಯಾ?” ಎಂದರು. “ಕಾಗದದ ಮೇಲೆ ಎಲ್ಲ ಹೋಟೆಲೂ ದೊಡ್ಡದೇ. ನಾನು ಒಳಗೆ ನಿಂತು ನೋಡಿದ ಹಾಗೆ ಕಾಣಬೇಕು. ಕಂಡರೆ ಹೂಂ ಅಂತೇನೆ, ಇಲ್ಲದಿದ್ದರೆ ಗೋಡೆ ಮುಟ್ಟಬೇಡ.”

ತಂಗಿಯ ಮಗಳು ಶ್ರೇಯಾ ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಕೆಲಸದವಳು. ಜಾಹೀರಾತಿಗೆ ಬೇಕಾದ ಬಾಟಲಿ, ಕಾರು, ಇಲ್ಲದ ಬಂಗಲೆ ಎಲ್ಲವನ್ನೂ ಸ್ಕ್ರೀನಿನ ಮೇಲೆ ಕಟ್ಟುತ್ತಾಳೆ. ನನ್ನ ಸಂಕಟ ಕೇಳಿ, “ಮಾಮ, ಸ್ಟೀರಿಯೊ ಚಿತ್ರ ಮಾಡುವ, 3ಡಿ ಸಿನಿಮಾದ ಹಾಗೆ. ಅತ್ತೆಗೆ ಏಕ್‌ದಮ್ ಒಳಗೆ ನಿಂತ ಹಾಗೆ ಅನ್ನಿಸ್ತದೆ” ಎಂದಳು. ಅಳತೆ ತೆಗೆದುಕೊಂಡು ಹೋದವಳು ಗೋಡೆಯಿಲ್ಲದ ನಮ್ಮ ಹೋಟೆಲನ್ನು ಟೇಬಲು, ಕಂಬ, ಗಲ್ಲಾ ಸಮೇತ ಕಂಪ್ಯೂಟರಿನೊಳಗೆ ಎಬ್ಬಿಸಿಯೇಬಿಟ್ಟಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ದುಡ್ಡು ಕೊಡುವ ಕೆಲಸದ ಪಕ್ಕದಲ್ಲಿ ಯಾವಾಗಲೂ ಕುರ್ಚಿ ಹಾಕಿ ಕೂರಬೇಕು, ನೆನಪಿಡಿ.

ಅಲ್ಲಿ ನನಗೆ ತಿಳಿದದ್ದು ಬಹಳ ಸೋಜಿಗದ ಸಂಗತಿ. ನಮ್ಮ ಎರಡು ಕಣ್ಣುಗಳು ಒಂದೇ ಚಿತ್ರವನ್ನು ನೋಡುವುದಿಲ್ಲವಂತೆ. ನಡುವೆ ಮೂಗಿನಷ್ಟು ಅಂತರವಿರುವುದರಿಂದ ಎಡಗಣ್ಣಿನದು ಒಂದು ಸಾಕ್ಷಿ, ಬಲಗಣ್ಣಿನದು ಇನ್ನೊಂದು. ಎರಡು ಸಾಕ್ಷಿಗಳ ಹೇಳಿಕೆ ಎಲ್ಲಿ ಎಷ್ಟು ತಾಳೆ ತಪ್ಪುತ್ತದೆ ಎಂದು ನೋಡಿ, ಯಾವುದು ಹತ್ತಿರ ಯಾವುದು ದೂರ ಎಂದು ಮಿದುಳು ತೀರ್ಪು ಕೊಡುತ್ತದೆ. ಆದ್ದರಿಂದ ಶ್ರೇಯಾ ಕಂಪ್ಯೂಟರಿನೊಳಗೂ ಎರಡು ಕ್ಯಾಮೆರಾ ಅಕ್ಕಪಕ್ಕ ಇಟ್ಟು, ಎರಡು ಚಿತ್ರ ತೆಗೆದು, ಒಂದಕ್ಕೆ ಕೆಂಪು ಒಂದಕ್ಕೆ ನೀಲಿ ಬಣ್ಣ ಬಳಿದು ಒಂದರ ಮೇಲೊಂದು ಕೂರಿಸುತ್ತಾಳೆ. ಕೆಂಪು-ನೀಲಿ ಗಾಜಿನ ರಟ್ಟಿನ ಕನ್ನಡಕ ಹಾಕಿದರೆ ಯಾವ ಕಣ್ಣಿನ ಪಾಲು ಆ ಕಣ್ಣಿಗೆ. ಇದು ಗೊತ್ತಾದ ಮೇಲೆ ನಾನು ಎರಡು ದಿನ ಗಿರಾಕಿಗಳ ಮೂಗನ್ನೇ ನೋಡುತ್ತ ಚಿಲ್ಲರೆ ಕೊಟ್ಟೆ.

ಆದರೆ ವ್ಯಾಪಾರಿಯ ಬುದ್ಧಿ ಸುಮ್ಮನಿರುತ್ತದೆಯೇ? ಒಂದೊಂದು ಚಿತ್ರ ತಯಾರಾಗುವುದಕ್ಕೂ ಕಂಪ್ಯೂಟರು ಏದುಸಿರು ಬಿಡುತ್ತ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು.

“ಎರಡೆರಡು ಸಲ ಯಾಕೆ? ಒಂದು ಮಾಡು, ಇನ್ನೊಂದು ಕಣ್ಣಿಗೆ ಅದರ ಕಾಪಿ ಹಾಕು” ಎಂದೆ.

“ಕಾಪಿ ಹಾಕಿದ್ರೆ ಫ್ಲ್ಯಾಟ್ ಆಗ್ತದೆ ಮಾಮ, ಆಳ ಇರೋದಿಲ್ಲ. ದೋನೊ ಅಲಗ್, ಬೇರೆ ಬೇರೆಯೇ ಬೇಕು.”

“ಹಾಕಿ ತೋರಿಸು.”

ತೋರಿಸಿದಳು. ಕಾಪಿಯನ್ನೂ ನೋಡಿದೆ, ಅಸಲನ್ನೂ ನೋಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ! ಒಳಗೊಳಗೇ ಹಿಗ್ಗಿದೆ. ಪಾಪದ ಹುಡುಗಿ, ಕಾಲೇಜಿನಲ್ಲಿ ಯಾರೋ ಕಲಿಸಿದ್ದನ್ನು ನಂಬಿಕೊಂಡಿದೆ. ಆದರೂ ಸಂಬಂಧ ಕೆಡಬಾರದೆಂದು, “ಇರಲಿ, ಎರಡು ಮಾಡು. ಆದರೆ ಆಳ ಸಾಲದು. ಜಾಸ್ತಿ ಮಾಡು” ಎಂದೆ. ಅವಳು ಕ್ಯಾಮೆರಾಗಳನ್ನು ಸ್ವಲ್ಪ ದೂರ ಸರಿಸಿದಳು. ಸಾಲದು ಎಂದೆ. ಮತ್ತೆ ಸರಿಸಿದಳು. ಇನ್ನೂ ಎಂದೆ. “ಮಾಮ, ಇಷ್ಟು ದೂರ ಇಟ್ರೆ ಪೂರಾ ಹೋಟೆಲ್ ಖಿಲೌನಾ, ಆಟದ ಸಾಮಾನಿನ ಥರ ಕಾಣ್ತದೆ” ಎಂದು ಗೋಗರೆದಳು. ಮಾಲು ಕಡಿಮೆ ಕೊಡುವವರು ಹೇಳುವ ಮಾತು ಅದು, ಎಷ್ಟು ಕೇಳಿಲ್ಲ! “ಗಿರಾಕಿ ನಾನಾ ನೀನಾ?” ಎಂದೆ. ಸರಿಸಿದಳು. ಅವಳ ಮುಖ ನೋಡಿ, ಇನ್ನು ಎಳೆದರೆ ಹರಿದೀತು ಎನಿಸಿ, “ಹಾಂ, ಈಗ ಬಂತು ನೋಡು!” ಎಂದು ತಲೆಯಾಡಿಸಿದೆ. ಎಂತದೂ ಬಂದಿರಲಿಲ್ಲ.

ಭಾನುವಾರ ಮುಲುಂಡಿಗೆ ಹೋದೆವು. ಅತ್ತಿಗೆ ತಮ್ಮ ಕನ್ನಡಕದ ಮೇಲೆ ರಟ್ಟಿನ ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಮುಂದೆ ಕೂತರು. ಎರಡು ಕ್ಷಣ ನೋಡಿದವರೇ, “ಇದೆಂತದು ಮಾರಾಯ, ನವರಾತ್ರಿಗೆ ಇಡುವ ಗೊಂಬೆ ಮನೆಯಾ? ಟೇಬಲು ಬೆಂಕಿಪೆಟ್ಟಿಗೆಯಷ್ಟು ಉಂಟು. ಇರುವೆಗಳಿಗೆ ಇಡ್ಲಿ ಮಾರ್ತೀಯಾ?” ಎಂದರು. ನಗು ನಿಂತ ಮೇಲೆ ಧ್ವನಿ ಗಟ್ಟಿಯಾಯಿತು. “ನಿನ್ನ ಅಣ್ಣ ಕಟ್ಟಿದ ಜಾಗವನ್ನು ಇಷ್ಟೇ ಇಷ್ಟು ಮಾಡಿದೆಯಲ್ಲ. ಬೇಡ. ಗೋಡೆ ಇರಲಿ.”

ಶ್ರೇಯಾ ಇನ್ನೊಂದು ಚಿತ್ರ ತೆರೆದಳು. ಕ್ಯಾಮೆರಾಗಳು ಮನುಷ್ಯರ ಕಣ್ಣಿನಷ್ಟೇ ಅಂತರದಲ್ಲಿದ್ದಾಗ ತೆಗೆದ, ನಾನು ‘ಸಾಲದು’ ಎಂದು ತಳ್ಳಿಹಾಕಿದ್ದ ಮೊದಲನೆಯ ಚಿತ್ರವದು. ಅತ್ತಿಗೆ ನಿಧಾನವಾಗಿ ಕೈ ಮುಂದೆ ಚಾಚಿದರು. ಗಲ್ಲಾದ ಮೇಲೆ ಧೂಳು ಇದೆಯೋ ಎಂದು ನೋಡುವವರಂತೆ ಗಾಳಿಯಲ್ಲಿ ಬೆರಳಾಡಿಸಿದರು. “ಅಯ್ಯೊ, ಬೆಳಕು ಹಿಂದಿನ ತನಕ ಬಂತಲ್ಲ” ಎಂದರು. “ಆದರೆ ಸದಾ, ಆ ಕಂಬದ ಹತ್ತಿರದ ಟೇಬಲು ನೋಡು. ಸಾಂಬಾರು ಹಿಡಿದುಕೊಂಡು ಬರುವವನ ಮೊಣಕೈ ತಾಗುವುದಿಲ್ಲವಾ?”

“ಇಲ್ಲ ಅತ್ತಿಗೆ, ಕಂಬ ಹಿಂದೆ ಉಂಟು” ಎಂದೆ, ನಾನೂ ಒಂದು ಕನ್ನಡಕ ಹಾಕಿಕೊಂಡು, ಭಾರೀ ಧೈರ್ಯದಿಂದ.

“ಹಿಂದೆಯಾ? ಕಂಬ ನನ್ನ ಮೂಗಿಗೆ ತಾಗುವ ಹಾಗೆ ಮುಂದೆ ನಿಂತಿದೆ!”

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಎದ್ದು ಬಂದು ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದರು. “ಈಗ?” ಎಲ್ಲ ಮಸುಕು ನೀಲಿ. ಬಲಗಣ್ಣು ಮುಚ್ಚಿದರು. “ಈಗ?” ಎಲ್ಲ ಕೆಂಪು. ಎರಡೂ ತೆರೆದರು. “ಈಗ?”

“ಕೆಂಪೇ.”

“ಮಾಮ!” ಶ್ರೇಯಾ ಬಾಯಿಗೆ ಕೈ ಇಟ್ಟುಕೊಂಡಳು. “ನಿಮಗೆ ಆಳ ಕಾಣೋದೇ ಇಲ್ಲ! ಕೆಲವರಿಗೆ ಹಾಗೆ ಇರ್ತದೆ. ದಿಮಾಗ್ ಒಂದೇ ಕಣ್ಣಿನ ಮಾತು ಕೇಳ್ತದೆ.”

ಆಮೇಲೆ ಕಣ್ಣಿನ ಡಾಕ್ಟರು ಹೇಳಿದ್ದೂ ಅದನ್ನೇ. ಚಿಕ್ಕಂದಿನಿಂದ ಬಲಗಣ್ಣು ಸೋಮಾರಿಯಂತೆ. ಕ್ರಿಕೆಟ್ಟಿನಲ್ಲಿ ಚೆಂಡು ಕೈಗೆ ಬರುವ ಬದಲು ಯಾಕೆ ಎದೆಗೆ ಬರುತ್ತಿತ್ತು, ಚಹಾ ಎತ್ತಿ ಸುರಿಯುವ ಕೆಲಸದಿಂದ ನನ್ನನ್ನು ಒಂದೇ ದಿನದಲ್ಲಿ ಯಾಕೆ ಗಲ್ಲಾಕ್ಕೆ ಕಳಿಸಿದರು, ಎಲ್ಲವೂ ಈಗ ಅರ್ಥವಾಯಿತು. ಬುದ್ಧಿವಂತಿಕೆಗೆ ಸಿಕ್ಕ ಬಡ್ತಿ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ. ನೀವೂ ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ಕಷ್ಟವಾದರೆ ಸಂತೋಷಪಡಿ, ನಿಮ್ಮ ಎರಡು ಕಣ್ಣೂ ದುಡಿಯುತ್ತಿವೆ.

ಅತ್ತಿಗೆ ಅಂದೇ ಹೂಂ ಎಂದರು. ಗೋಡೆ ಒಡೆಯಬಹುದು, ಆದರೆ ಕಂಬದ ಪಕ್ಕದ ಟೇಬಲು ಹೋಗಬೇಕು. “ಅರ್ಧ ಅಡಿ ಸರಿಸಿದರೆ ಸಾಲದಾ ಅತ್ತಿಗೆ?” ಎಂದು ಶುರುಮಾಡಿದೆ. “ಅರ್ಧ ಅಡಿ ಎಷ್ಟು ಅಂತ ನಿನಗೆ ಕಾಣ್ತದಾ?” ಎಂದರು. ಜೀವಮಾನದಲ್ಲಿ ಮೊದಲ ಸಲ ನನ್ನ ಚೌಕಾಸಿ ಒಂದೇ ಮಾತಿಗೆ ಮುಗಿಯಿತು.

ಈಗ ಗೋಡೆಯಿಲ್ಲ. ಕಾಲೇಜಿನ ಮಕ್ಕಳು ಒಬ್ಬೊಬ್ಬರಾಗಿ ಈ ಕಡೆ ಬರತೊಡಗಿದ್ದಾರೆ. ಬಂದವರೆಲ್ಲ ಬಾಗಿಲಲ್ಲೇ ನಿಂತು, “ಅಂಕಲ್, ಕಿತನಾ ಖುಲಾ ಖುಲಾ ಲಗತಾ ಹೈ!” ಎಂದು ಜಾಗ ಎಷ್ಟು ವಿಶಾಲವಾಗಿ ಕಾಣುತ್ತದೆಂದು ಹೊಗಳುತ್ತಾರೆ. ನಾನು ಗಲ್ಲಾದಿಂದ ದೊಡ್ಡದಾಗಿ ತಲೆಯಾಡಿಸುತ್ತೇನೆ. ನನಗೆ ಅಲ್ಲಿ ಕಾಣುವುದು ನಾಲ್ಕು ಗಿರಾಕಿಗಳು ಕೂರಬಹುದಾಗಿದ್ದ ಒಂದು ಟೇಬಲಿನ ಜಾಗ ಮಾತ್ರ.