ಗಂಜಿ ಹಾಕಿದ ಟುಟು

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಕಡೂರಿನ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವನಿಗೆ ಇಷ್ಟು ಅನುಮಾನ ಇರಬೇಕಾದದ್ದೇ. ಅದಕ್ಕೇ ನಡೆದದ್ದನ್ನು ಅಂದಂದೇ ದಿನಚರಿಯಲ್ಲಿ ಬರೆದಿಡುತ್ತೇನೆ. ತೊಂದರೆ ಏನೆಂದರೆ, ಬರೆಯುವಾಗಲೇ ನನ್ನನ್ನು ಒಂದು ಗೇಣು ಎತ್ತರ ಮಾಡಿಕೊಂಡು ಬರೆಯುವ ಚಾಳಿ ನನಗಿದೆ. ಹೆಂಡತಿ ಸುಧಾ ಒಮ್ಮೆ ನಾಲ್ಕು ಪುಟ ಓದಿ, "ಇದರಲ್ಲಿ ಬರೋ ಗಂಡಸು ಯಾರ್ರೀ? ಚೆನ್ನಾಗಿದಾನೆ, ಒಂದ್ಸಲ ಮನೆಗೆ ಕರ್ಕೊಂಡು ಬನ್ನಿ" ಅಂದಳು. ಆದರೂ ಈಗ ಹೇಳಹೊರಟಿರುವ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂರಿನಲ್ಲಿ ಟುಟುವಿಗೆ ಗಂಜಿ ಹಾಕಿದ ಮೊದಲ ಮನುಷ್ಯ ನಾನೇ.

ಟುಟು ಅಂದರೆ ಬ್ಯಾಲೆ ಕುಣಿಯುವ ಹೆಂಗಸರು ತೊಡುವ ಬಲೆಬಟ್ಟೆಯ ಲಂಗ. ಸುಮಾರು ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ರಂಗದ ಮೇಲೆ ಅದು ಮೀನಖಂಡದವರೆಗೆ ಇಳಿದು ಗಂಟೆಯ ಆಕಾರದಲ್ಲಿತ್ತಂತೆ. ಆಮೇಲೆ ಕಾಲಿನ ಕೆಲಸ ಜನಕ್ಕೆ ಕಾಣಲಿ ಅಂತ ಮೇಲೇರುತ್ತಾ ಏರುತ್ತಾ, ಕೊನೆಗೆ ಸೊಂಟದ ಸುತ್ತ ಊಟದ ತಟ್ಟೆ ಇಟ್ಟ ಹಾಗೆ ಅಡ್ಡಡ್ಡ ನಿಂತುಬಿಟ್ಟಿತು. ರಂಗದ ಮೇಲೆ ಹಾಗೆ ನಿಂತದ್ದು ಮುಂದೆ ಬೀದಿಗೂ ಇಳಿಯಿತು. ಮದುವಣಗಿತ್ತಿಯರ ಗೌನಿಗೆ ಬಂತು, ಪಾರ್ಟಿ ಲಂಗಕ್ಕೆ ಬಂತು, ಊರೂರು ದಾಟಿ ನಮ್ಮಲ್ಲಿಗೂ ಬಂತು. ಈಗ ನಮ್ಮ ಕಡೆ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ನೆಟ್ ಫ್ರಾಕ್ ಇಲ್ಲದ ಹೆಣ್ಣುಮಗುವೇ ಇಲ್ಲ. ಯಗಟಿ ಬಸ್ಸಿನಲ್ಲಿ ಅಂಥ ಒಂದು ಮಗುವನ್ನು ತಾಯಿ ತೊಡೆಯ ಮೇಲೆ ಕೂರಿಸಿಕೊಂಡರೆ, ಪಕ್ಕದ ಸೀಟಿನವನು ಅರ್ಧ ದಾರಿ ಕಿಟಕಿಯ ಬದಲು ಗುಲಾಬಿ ಬಣ್ಣದ ಬಲೆಯನ್ನೇ ನೋಡಬೇಕು. ಛತ್ರದಲ್ಲಿ ಲೆಹೆಂಗಾ ತೊಟ್ಟ ಹುಡುಗಿ ಊಟಕ್ಕೆ ಕೂತರೆ ಎರಡೆಲೆ ಜಾಗ ಹೋಗುತ್ತದೆ. ಪ್ಯಾರಿಸ್ಸಿಗೂ ನಮ್ಮ ಪಂಕ್ತಿಗೂ ಸಂಬಂಧ ಇರುವುದೇ ಹೀಗೆ ಎಂದು ನಾನು ತರಗತಿಯಲ್ಲಿ ಹೇಳಿದರೆ ಹುಡುಗರು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಾರೆ.

ಎರಡನೇ ಕ್ಲಾಸಿನ ನಮ್ಮ ಮಗಳು ಇಂಚರಳ ಶಾಲೆಯವರು ಅಜ್ಜಂಪುರದ ಮಕ್ಕಳ ನೃತ್ಯ ಸ್ಪರ್ಧೆಗೆ ಚಿಟ್ಟೆ ನೃತ್ಯ ಕಲಿಸಿದರು. ಚಿಟ್ಟೆಗಳಿಗೆಲ್ಲ ಹಳದಿ ಟುಟು, ಮನೆಯವರೇ ಹೊಲಿಸಬೇಕು. ಸುಧಾ ತಾನೇ ಬಟ್ಟೆ ತರುತ್ತೇನೆಂದಳು. ಟುಟುವಿನ ಇತಿಹಾಸ ಓದಿದವನು ಮನೆಯಲ್ಲಿರುವಾಗ ಅವಳನ್ನು ಕಳಿಸುವುದೇ? ನಾನೇ ತರೀಕೆರೆಗೆ ಹೋಗಿ, ಅಂಗಡಿಯಲ್ಲಿದ್ದ ಬಲೆಬಟ್ಟೆಗಳನ್ನೆಲ್ಲ ಬೆರಳಲ್ಲಿ ಉಜ್ಜಿ ನೋಡಿ, ಎಲ್ಲಕ್ಕಿಂತ ಮೆತ್ತಗಿರುವುದನ್ನು ತಂದೆ. ಪಂಚೆ ಕೊಳ್ಳುವಾಗ ನಮ್ಮಪ್ಪ ಹಾಗೇ ಆರಿಸುತ್ತಿದ್ದ ನೆನಪು. ಟೈಲರ್ ಅದನ್ನು ಎತ್ತಿ ಹಿಡಿದ. ಅದು ಅವನ ಕೈಯಿಂದ ಎಣ್ಣೆಯ ಹಾಗೆ ಇಳಿದುಹೋಯಿತು. "ಸಾರ್, ಇದು ಸೊಳ್ಳೆಪರದೆಗೆ ಚೆನ್ನಾಗಿರುತ್ತೆ. ಫ್ರಾಕ್ ನಿಲ್ಬೇಕಂದ್ರೆ ಕ್ಯಾನ್‌ಕ್ಯಾನ್ ತರ್ಬೇಕಿತ್ತು, ಆ ಗಟ್ಟಿ ನೆಟ್ಟು" ಅಂದ. ಮೂಲ ಟುಟು ಮೆತ್ತಗೇ ಇತ್ತು ಎಂದು ನಾನು ವಾದ ಮಾಡಿದೆ. ಅವನು ಸೊಂಟದ ಅಳತೆ ಕೇಳಿ ಬರೆದುಕೊಂಡ.

ಸ್ಪರ್ಧೆಗೆ ಎರಡು ದಿನ ಇರುವಾಗ ಹೊಲಿದ ಟುಟು ಶಾಲೆಗೆ ಹೋಯಿತು. ಮಿಕ್ಕ ಮಕ್ಕಳದ್ದು ಕೊಡೆಯ ಹಾಗೆ ಬಿಚ್ಚಿಕೊಂಡಿತ್ತು, ನಮ್ಮವಳದ್ದು ಮಳೆಯಲ್ಲಿ ನೆಂದ ಕೋಳಿಪುಕ್ಕದ ಹಾಗೆ ಕಾಲಿಗೆ ಅಂಟಿಕೊಂಡಿತ್ತು. ಡ್ಯಾನ್ಸ್ ಮಿಸ್ ಫೋನ್ ಮಾಡಿ, "ಸಾರ್, ಬೇಜಾರ್ ಮಾಡ್ಕೋಬೇಡಿ, ಹಿಂಗೇ ಜೋತುಬಿದ್ರೆ ಹಿಂದಿನ ಸಾಲಲ್ಲಿ ನಿಲ್ಲಿಸ್ಬೇಕಾಗುತ್ತೆ" ಅಂದರು. ಇಂಚರ ಅಳಲಿಲ್ಲ. "ಹಿಂದಿನ ಸಾಲಲ್ಲಿ ನಿಂತ್ರೆ ಅಜ್ಜಿ ಕಣ್ಣಿಗೆ ನಾನು ಕಾಣಲ್ಲ ಅಪ್ಪ" ಅಂದಳು, ಅಷ್ಟೇ. ನಮ್ಮವ್ವನಿಗೆ ಒಂದು ಕಣ್ಣು ಮಂಜು, ಮೊಮ್ಮಗಳ ಕುಣಿತ ನೋಡಲೆಂದೇ ಸಿಂಗಟಗೆರೆಯಿಂದ ಬಂದು ಕೂತಿದ್ದಳು. ಸುಧಾ ಟುಟುವನ್ನು ತಂದು ನಾನು ಓದುವ ಮೇಜಿನ ಮೇಲೆ ಹರಡಿಟ್ಟು ಹೋದಳು. ಅದರ ಅರ್ಥ ಏನು ಎಂಬುದು ಮದುವೆಯಾದವರಿಗೆ ಗೊತ್ತು.

ಆಗ ನನ್ನ ಓದು ನೆರವಿಗೆ ಬಂತು. ಹಿಂದಿನ ಕಾಲದಲ್ಲಿ ಟುಟುವಿನ ಬಟ್ಟೆಗೆ ಗಂಜಿ ಹಾಕಿ ನಿಲ್ಲಿಸುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಕಸೂತಿ ಬಲೆ ಗಟ್ಟಿಯಾಗಲು ಸಕ್ಕರೆ ನೀರು ಹಾಕುತ್ತಾರೆಂದೂ ಓದಿದ್ದೆ. ಯಾವುದನ್ನು ಎಲ್ಲಿ ಓದಿದ್ದೆ ಎಂಬುದು ನೆನಪಿಲ್ಲದ ಕಾರಣ ಎರಡನ್ನೂ ಸೇರಿಸಿದೆ. ಅನ್ನದ ಗಂಜಿ ಬಸಿದು ಸಕ್ಕರೆ ಕದಡುತ್ತಿದ್ದರೆ ಅವ್ವ ಅಡುಗೆಮನೆಗೆ ಇಣುಕಿದಳು.

"ಏನೋ ಅದು, ಪಾಯಸ ಮಾಡ್ತಿದೀಯಾ?"

"ಇಲ್ಲ ಕಣವ್ವ, ಪಾಪು ಫ್ರಾಕಿಗೆ."

"ಫ್ರಾಕಿಗೆ ಪಾಯಸ ಹಾಕ್ತಾರೇನೋ? ಅಷ್ಟು ಓದ್ಸಿದ್ದು ಇದಕ್ಕಾ?"

ಪಕ್ಕದ ಮನೆಯಿಂದ ಕೋಳಿ ಮುಚ್ಚುವ ಮಂಕರಿ ತಂದು, ಅಂಗಳದಲ್ಲಿ ಬೋರಲು ಹಾಕಿ, ಅದರ ಮೇಲೆ ಟುಟುವನ್ನು ಅಗಲವಾಗಿ ಹರಡಿ ಒಣಗಿಸಿದೆ. ಕೋಳಿ ಮಂಕರಿ ಹೊಸಿಲ ಹತ್ತಿರ ಬಂದದ್ದಕ್ಕೆ ಅವ್ವ ಅಂದು ಹೊಸಿಲನ್ನು ಎರಡೆರಡು ಸಲ ತೊಳೆದಳು. ಉಳಿದ ಗಂಜಿಯನ್ನು ಚೆಲ್ಲಲು ಮನಸ್ಸು ಬಾರದೆ ನನ್ನ ಬಿಳಿ ಅಂಗಿಯನ್ನೂ ಅದರಲ್ಲೇ ಅದ್ದಿದೆ. ಸಂಜೆಗೆ ಟುಟುವನ್ನು ಎತ್ತಿದರೆ, ಆಹಾ, ಬಲೆಯ ಒಂದೊಂದು ಕಣ್ಣಿಗೂ ಗಾಜು ಕೂರಿಸಿದಂತೆ ಗಂಜಿ ಕಟ್ಟಿಕೊಂಡಿತ್ತು. ನೆಲದ ಮೇಲಿಟ್ಟರೆ ಯಾರ ಹಂಗೂ ಇಲ್ಲದೆ ತಾನೇ ನಿಂತಿತು. ಸುಧಾ ಬೆರಳಿನಿಂದ ತಟ್ಟಿ ನೋಡಿದಳು. ಹಪ್ಪಳದ ಹಾಗೆ ಸದ್ದಾಯಿತು. "ಪರವಾಗಿಲ್ವಲ್ರೀ" ಅಂದಳು. ಮಿಸ್ ಮೊಬೈಲಿನಲ್ಲಿ ಫೋಟೊ ನೋಡಿ ಇಂಚರಳನ್ನು ಮುಂದಿನ ಸಾಲಿನ ನಡುವಿಗೇ ಹಾಕಿದರು.

ಅಂಗಿಯನ್ನೂ ಟುಟುವನ್ನೂ ಒಂದೇ ದೊಡ್ಡ ಚೀಲದಲ್ಲಿಟ್ಟುಕೊಂಡು ಅಜ್ಜಂಪುರಕ್ಕೆ ಹೋದೆವು. ಅಲ್ಲೇ ಬಟ್ಟೆ ಬದಲಿಸಿದೆವು. ಅವ್ವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಪರದೆ ಸರಿಯಿತು, ಹಾಡು ಶುರುವಾಯಿತು. ಹತ್ತು ಚಿಟ್ಟೆಗಳಲ್ಲಿ ನಮ್ಮದು ಮಾತ್ರ ನಿಜವಾಗಿ ಹಾರುತ್ತಿತ್ತು ಅಂದರೆ ಇದು ತಂದೆಯ ಮಾತೆಂದು ನೀವು ತಳ್ಳಿಹಾಕಬಹುದು; ಸಭೆಯಲ್ಲಿದ್ದವರನ್ನೇ ಕೇಳಿ. ಕಲಿಸದಿದ್ದ ಕಡೆಯೆಲ್ಲ ಗಿರಗಿರ ಸುತ್ತಿದಳು, ನೆಗೆದಳು, ಸೊಂಟ ಕೊಡವಿದಳು. ಸುತ್ತಿದ ಹಾಗೆಲ್ಲ ಗಂಜಿಯ ಪುಡಿ ಉದುರಿ ದೀಪದ ಬೆಳಕಿನಲ್ಲಿ ಮಿನುಗುತ್ತಾ ಸುತ್ತಲೂ ತೇಲಿತು. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಅಂಟುವ ಪುಡಿ ನೋಡಿದ್ದೀರಲ್ಲ, ಥೇಟ್ ಅದೇ. ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಅವ್ವ ನನ್ನ ಕೈ ಹಿಡಿದು, "ಕಾಣ್ತಾಳೆ ಕಣೋ, ಚೆನ್ನಾಗಿ ಕಾಣ್ತಾಳೆ" ಅಂದಳು. ಮೊದಲ ಬಹುಮಾನ ನಮ್ಮ ಚಿಟ್ಟೆಗಳಿಗೇ ಬಂತು. ತೀರ್ಪುಗಾರರು ಮೈಕಿನಲ್ಲಿ, "ರೆಕ್ಕೆಯ ಪುಡಿಯನ್ನೂ ಮರೆಯದ ಆ ಕಲ್ಪನೆ ಯಾರದ್ದೋ ಅವರು ವೇದಿಕೆಗೆ ಬರಬೇಕು" ಅಂದರು. ಹೋದೆ. ಯಾಕೆ ಹೋಗಬಾರದು?

ವೇದಿಕೆಯ ಮೇಲೆ ಇಂಚರ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಪ್ಪಾ, ಫ್ರಾಕ್ ತುಂಬ ಇರುವೆ" ಅಂದಳು. ಅದೇ ಹೊತ್ತಿಗೆ ನನ್ನ ಕಾಲರಿನೊಳಗೂ ಏನೋ ಹರಿಯಿತು. ಆಮೇಲೆ ಬೆನ್ನಿನಲ್ಲಿ, ಆಮೇಲೆ ಕಂಕುಳಲ್ಲಿ. ಮಾತಾಡಿ ಎಂದು ಮೈಕು ಕೊಟ್ಟರು. ನಾನು ಮೈಕು ಹಿಡಿದುಕೊಂಡೇ ಭುಜ ಎತ್ತಿ ಕುತ್ತಿಗೆ ಉಜ್ಜತೊಡಗಿದೆ.

ಆ ಗಳಿಗೆಯ ಫೋಟೊ ನಮ್ಮ ನಡುಮನೆಯಲ್ಲಿದೆ. ಅದರಲ್ಲಿ ನನ್ನ ಕುತ್ತಿಗೆ ಒಂದು ಕಡೆಗೆ ವಾಲಿದೆ, ಒಂದು ಭುಜ ಕಿವಿಯವರೆಗೆ ಏರಿದೆ, ಕಣ್ಣು ತುಂಬಿ ಬಂದಿದೆ. ಮಗಳ ಸಾಧನೆ ಕಂಡು ಗಂಟಲು ಕಟ್ಟಿತು ಎಂದು ಬಂದವರಿಗೆಲ್ಲ ಹೇಳುತ್ತೇನೆ. ದಿನಚರಿಯಲ್ಲೂ ಹಾಗೇ ಬರೆದಿದ್ದೇನೆ, ಈಗೀಗ ನನಗೂ ಹಾಗೇ ನೆನಪಾಗುತ್ತಿದೆ. ಹೆಮ್ಮೆಯಂತೂ ಸುಳ್ಳಲ್ಲ. ಆದರೆ ನಾನು ಹೇಳಿ ಮುಗಿಸುವುದನ್ನೇ ಕಾದು, ಇಂಚರ ಬಂದವರಿಗೆ ಉಳಿದದ್ದನ್ನು ಹೇಳುತ್ತಾಳೆ: "ಇಬ್ರಿಗೂ ಇರುವೆ ಕಚ್ತಿತ್ತು ಅಂಕಲ್. ನಮ್ಮಪ್ಪಂಗೆ ಡ್ಯಾನ್ಸ್ ಬರಲ್ಲ, ಅದಕ್ಕೇ ಹಂಗೆ ನಿಂತಿದಾರೆ."