ಗುಡ್ಡಪ್ಪನನ್ನು ಯಾರೂ ಬಚ್ಚಿಡಲಿಲ್ಲ

ಗುಡ್ಡಪ್ಪನ ಮನೆ ಮುಂದೆ ಕಾರು ಬರಲಿಲ್ಲ. ರಗಳೆ ಶುರುವಾಗಿದ್ದೇ ಅಲ್ಲಿಂದ.

ಹರಿಹರದ ಪಕ್ಕದ ಆ ಊರಿನಲ್ಲಿ ಅಂದು ಮಧ್ಯಾಹ್ನ ಪಂಚಾಯಿತಿ ಅಧ್ಯಕ್ಷರ ಚುನಾವಣೆ. ಪೈಪೋಟಿಗಿಳಿದಿದ್ದ ಮಹೇಂದ್ರ, ವಾಮದೇವಪ್ಪ ಇಬ್ಬರೂ ತಮ್ಮ ಕಡೆಯ ಮೆಂಬರುಗಳನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ರೆಸಾರ್ಟುಗಳಲ್ಲಿ ಬಚ್ಚಿಟ್ಟಿದ್ದರು. ಯಾವ ಚುನಾವಣೆ ಬಂದರೂ ಇದೇ ಪದ್ಧತಿ. ಯಾವ ಚುನಾವಣೆ ಬಂದರೂ ಗುಡ್ಡಪ್ಪನನ್ನು ಮಾತ್ರ ಊರಲ್ಲೇ ಬಿಟ್ಟು ಹೋಗುತ್ತಿದ್ದರು. ಯಾರು ಏನು ಕೇಳಿದರೂ "ಆತು ಬಿಡ್ರಿ" ಅನ್ನುವ ಆಸಾಮಿ ಅವನು. ಇವನು ನಮ್ಮವನೇ ಎಂದು ಇಬ್ಬರಿಗೂ ನಿಶ್ಚಿಂತೆ.

ಗುಡ್ಡಪ್ಪನಿಗೆ ಅಧ್ಯಕ್ಷಗಿರಿಯ ಆಸೆಯಿರಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಯಾರಾದರೂ ತನಗಾಗಿ ಹಂಬಲಿಸಬೇಕು, ಮನೆ ಬಾಗಿಲಿಗೆ ಹುಡುಕಿಕೊಂಡು ಬರಬೇಕು, ಅಷ್ಟೇ. ಈ ಆಸೆ ಅವನನ್ನು ಹಲ್ಲುನೋವಿನ ಹಾಗೆ ಕಾಡುತ್ತಿತ್ತು.

"ಏನ್ರಿ ಮೆಂಬರ್ರೇ, ನಿಮ್ಮನ್ನ ಯಾರೂ ಕರ್ಕೊಂಡು ಹೋಗ್ಲಿಲ್ವಾ?" ಎಂದು ಪಕ್ಕದ ಮನೆಯ ಶಕುಂತಲಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಕಾರು ಬರ್ತೈತೆ ಕಣಮ್ಮ."

"ಯಾವಾಗ? ವೋಟು ಮುಗ್ದಮ್ಯಾಲಾ?"

ಗುಡ್ಡಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಹೋಗುವುದೇ ಇಲ್ಲ ವೋಟಿಗೆ! ಇದ್ದಾಗ ಬೆಲೆಯಿಲ್ಲ, ಇಲ್ಲದಾಗಲಾದರೂ ಹುಡುಕಲಿ. ಹೆಂಡತಿ ಚೌಡವ್ವ ಹೊಲಕ್ಕೆ ಹೋಗಿದ್ದಳು. ಅವಳಿಗೂ ಹೇಳದೆ ಫೋನು ಆಫ್ ಮಾಡಿ ದಾವಣಗೆರೆ ಬಸ್ಸು ಹತ್ತಿಯೇಬಿಟ್ಟ.

ಅಲ್ಲಿ ಹಳೇ ಗೆಳೆಯ ಜಮಾಲ್ ಸಾಬನ ಗಾದಿ ಅಂಗಡಿ.

"ಸಾಬ್, ಎಲ್ಲಾದ್ರೂ ಅಡಗಿಸಿಡಪ್ಪ ನನ್ನ."

"ಯಾಕ, ಮನೇಲಿ ಜಗಳಾನಾ?"

"ರಾಜಕೀಯ."

ಜಮಾಲ್ ಸಾಬ್ ಭಕ್ತಿಯಿಂದ ಅವನನ್ನು ಗಾದಿಗಳ ರಾಶಿಯ ಹಿಂದೆ ಕೂರಿಸಿದ. ಮೂಗಿಗೆ ಹತ್ತಿ ಹೊಕ್ಕು ಗುಡ್ಡಪ್ಪ ಸೀನಿದ. ಹೊರಗೆ ಗಾಡಿಯ ಸದ್ದಾದಾಗಲೆಲ್ಲ ಗಾದಿಗಳ ಸಂದಿಯಿಂದ ಇಣುಕುತ್ತಿದ್ದ.

"ಯಾರ್ ಬಂದ್ರು? ನನ್ನ ಕೇಳಿದ್ರಾ?"

"ಇಲ್ಲಪ್ಪ, ದಿಂಬಿನ ರೇಟು ಕೇಳಿದ್ರು."

ವೋಟಿನ ಹೊತ್ತು ಮೀರಿತು. ತಡೆಯಲಾರದೆ ಫೋನು ಆನ್ ಮಾಡಿದ. ಮಿಸ್ಡ್ ಕಾಲ್ ಮೆಸೇಜುಗಳು ಒಂದರ ಮೇಲೊಂದು ಬಿದ್ದವು. ಮಹೇಂದ್ರ, ವಾಮದೇವಪ್ಪ, ಮತ್ತೆ ಮಹೇಂದ್ರ, ಮತ್ತೆ ವಾಮದೇವಪ್ಪ! ಗುಡ್ಡಪ್ಪನ ಕಣ್ಣು ತುಂಬಿ ಬಂತು.

"ನೋಡು ಸಾಬ್, ಹೆಂಗೆ ಒದ್ದಾಡ್ಯಾರೆ!"

"ಪಾಪ, ಒಂದು ಫೋನಾದ್ರೂ ಮಾಡಪ್ಪ."

"ಬ್ಯಾಡ. ಇನ್ನೊಂದಿಷ್ಟು ಹುಡುಕ್ಲಿ."

ಬೆಣ್ಣೆದೋಸೆ ತಿಂದು, ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರಿಗೆ ಹೊರಟ. ತನಗಾಗಿ ಜನ ಕಾಯುತ್ತಿರುವ ಊರಿಗೆ ಹೋಗುವುದು ಇಷ್ಟು ಸುಖವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮನೆ ಮುಂದೆ ಕಾರು! ಅದಕ್ಕೆ ಹೂವಿನ ಹಾರ ಬೇರೆ. ಮಹೇಂದ್ರ, ವಾಮದೇವಪ್ಪ ಜೊತೆಯಲ್ಲೇ ಓಡಿ ಬಂದರು.

"ಎಲ್ಲಿಗೆ ಹೋಗಿದ್ರಿ ಅಣ್ಣ? ಫೋನ್ ಮಾಡಿ ಮಾಡಿ ಸಾಕಾತು!" ಎಂದ ಮಹೇಂದ್ರ.

"ಈಗ ಗೊತ್ತಾತಾ ನನ್ನ ವೋಟಿನ ಬೆಲೆ? ಮತ್ಯಾವಾಗ ಇಟ್ಕೊಂಡೀರಿ ಚುನಾವಣೆ?"

"ಮುಗೀತಲ್ಲಣ್ಣ. ಗಂಡಂದಿರು ಯಾರೂ ಒಳಗೆ ಬರಂಗಿಲ್ಲ, ಗೆದ್ದಿರೋ ಮೆಂಬರ್ರೇ ಬರ್ಬೇಕು ಅಂದ್ರು ಹೊಸ ಆಫೀಸರ್ರು. ಚೌಡಕ್ಕ ಯಾವ ಹೊಲದಾಗ ಐತೆ ಅಂತ ಕೇಳಾಕ ನಿಮಗೆ ಫೋನ್ ಮಾಡಿದ್ವಿ."

ಹೌದು, ಮಹಿಳೆಯರ ಮೀಸಲು ಸೀಟಿನಲ್ಲಿ ಗೆದ್ದವಳು ಚೌಡವ್ವ. ಅವಳ ಪರವಾಗಿ ಸಭೆಗೆ ಹೋಗಿ ಹೋಗಿ, ಮೆಂಬರ್ ಯಾರೆಂಬುದನ್ನು ಗುಡ್ಡಪ್ಪ ಮರೆತಿದ್ದ, ಊರೂ ಮರೆತಿತ್ತು. ಅವರ ಸಹವಾಸದಲ್ಲಿ ನಾನೂ ನಿಮಗೆ ಹೇಳುವುದನ್ನು ಮರೆತೆ.

"ಎರಡೂ ಕಡೆ ಸಮ ಆತು. ನಾವಿಬ್ರೂ ಪಟ್ಟು ಬಿಡ್ಲಿಲ್ಲ. ಕೊನೆಗೆ ಹೊಲಾ ಹೊಲಾ ಹುಡುಕಿ, ಅಕ್ಕನ್ನ ಕರ್ಕೊಂಡು ಬಂದು, ಅಕ್ಕನ್ನೇ ಅಧ್ಯಕ್ಷರು ಮಾಡಿದ್ವಿ" ಎಂದರು ವಾಮದೇವಪ್ಪ.

ಹಾರ ಹಾಕಿಕೊಂಡ ಚೌಡವ್ವ ಹೊರಬಂದಳು. ದಾವಣಗೆರೆಯಲ್ಲಿ ಸನ್ಮಾನವಂತೆ. ಡ್ರೈವರು ಬಾಗಿಲು ತೆಗೆದ. ಗುಡ್ಡಪ್ಪ ಆಸೆಯಿಂದ ಅತ್ತ ಒಂದು ಹೆಜ್ಜೆ ಇಟ್ಟ.

"ನೀವ್ ಎಲ್ಲಿಗ್ರಿ?" ಎಂದಳು ಚೌಡವ್ವ ಸೀಟಿನಲ್ಲಿ ಕೂತು. "ಎಮ್ಮೆ ಯಾರನ್ನೂ ಹತ್ರ ಬಿಟ್ಕೊಳ್ತಿಲ್ಲ. ಮಧ್ಯಾಹ್ನದಿಂದ ನಿಮ್ಮ ದಾರಿನೇ ನೋಡ್ತೈತೆ, ಪಾಪ. ಹೋಗಿ ಹಾಲು ಕರೀರಿ."

ಕಾರು ಹೊರಟು ಹೋಯಿತು. ಕೊಟ್ಟಿಗೆಯಿಂದ ಎಮ್ಮೆ ಕರುಳು ಕಿತ್ತು ಬರುವಂತೆ ಕೂಗಿತು.

"ಬಂದೆ ಕಣವ್ವ" ಎಂದು ಗುಡ್ಡಪ್ಪ ಚೆಂಬು ಎತ್ತಿಕೊಂಡ.